ಇಂಧನ ಕೋಶದೊಳಗೆ ಅನಿಲದ ಸಮ ಹಂಚಿಕೆ

ಹೈಡ್ರೋಜನ್ ಮತ್ತು ಗಾಳಿಯ ಆಮ್ಲಜನಕದಿಂದ ವಿದ್ಯುತ್ ಉತ್ಪಾದಿಸುವ ಇಂಧನ ಕೋಶದ ಮಾತು ಬಂದಾಗ ಹೆಚ್ಚಿನವರು ಕ್ರಿಯೆಯನ್ನು ಚುರುಕುಗೊಳಿಸುವ ಪ್ಲಾಟಿನಂ ಮತ್ತು ಎರಡೂ ಅನಿಲಗಳನ್ನು ಬೇರ್ಪಡಿಸುವ ಪೊರೆಯ ಬಗ್ಗೆಯೇ ಚರ್ಚಿಸುತ್ತಾರೆ. ನನ್ನ ಮನಸ್ಸು ಮಾತ್ರ ಅನಿಲವನ್ನು ಹಂಚುವ ತಟ್ಟೆಯಲ್ಲಿ, ಅದರ ಮೇಲಿನ ಸುಮಾರು 1 ಮಿಲಿಮೀಟರ್ ಅಗಲದ ಕಾಲುವೆಗಳಲ್ಲಿ ನೆಟ್ಟಿದೆ. ಅಗಲ ಹೆಚ್ಚಿದ್ದು ಆಳ ಕಡಿಮೆಯಿರುವ ಕಾಲುವೆಯಲ್ಲಿ ಹರಿವು ಆಳದ ಘನಕ್ಕೆ ಅನುಗುಣವಾಗಿರುವುದರಿಂದ, ಒತ್ತಡದ ವ್ಯತ್ಯಾಸ ಬದಲಾಗದಿದ್ದರೂ, ಆಳ ಶೇ. 10ರಷ್ಟು ತಗ್ಗಿದರೆ ಅನಿಲ ಸುಮಾರು ಶೇ. 27ರಷ್ಟು ಕಡಿಮೆಯಾಗುತ್ತದೆ. ತಟ್ಟೆಯ ಅಚ್ಚಿನ ಸಣ್ಣ ದೋಷವೂ ಎಷ್ಟು ದುಬಾರಿಯೆಂದು ಈ ಲೆಕ್ಕವನ್ನು ಕೈಯಾರೆ ಮಾಡಿದಾಗಲೇ ನನಗೆ ಮನವರಿಕೆಯಾಯಿತು.

ಕೋಶದೊಳಗೆ ಹುಟ್ಟುವ ನೀರಿನದು ಇನ್ನೊಂದು ಕಾಟ. ಸಮಾನಾಂತರ ಕಾಲುವೆಗಳಲ್ಲಿ ಒಂದು ಹನಿ ದಾರಿ ಕಟ್ಟಿದರೆ ಅನಿಲ ಪಕ್ಕದ ಕಾಲುವೆಗಳಿಗೆ ಸರಿದುಹೋಗುತ್ತದೆ, ಹನಿ ಅಲ್ಲಿಯೇ ಉಳಿಯುತ್ತದೆ, ಹೈಡ್ರೋಜನ್ ಸಿಗದ ಭಾಗದಲ್ಲಿ ಪ್ಲಾಟಿನಂ ಹೊತ್ತಿರುವ ಇಂಗಾಲವೇ ಸವೆಯತೊಡಗುತ್ತದೆ. ಹಾವಿನಂತೆ ಸುತ್ತುವ ಒಂದೇ ಕಾಲುವೆ ಹನಿಯನ್ನು ಹೊರತಳ್ಳುತ್ತದೆಯಾದರೂ ಗಾಳಿಯನ್ನು ನೂಕುವ ಕಂಪ್ರೆಸರ್‌ಗೆ ಹೆಚ್ಚು ವಿದ್ಯುತ್ ಬೇಕಾಗುತ್ತದೆ.

ಟೊಯೋಟಾ ಇಂಧನ ಕೋಶದಿಂದ ಓಡುವ ತನ್ನ 2014ರ ಮಿರಾಯ್ ಕಾರಿನಲ್ಲಿ ಗಾಳಿಯ ಬದಿಗೆ ಮೂರು ಆಯಾಮದ ಸೂಕ್ಷ್ಮ ಜಾಲರಿಯನ್ನು ಬಳಸಿತ್ತು. 2020ರ ಮಾದರಿಯಲ್ಲಿ ಅದನ್ನು ಕೈಬಿಟ್ಟು, ಅಲ್ಲಲ್ಲಿ ಕಿರಿದಾಗುವ ಕಾಲುವೆಗಳನ್ನು ಅಳವಡಿಸಿತು. ಕಿರಿದಾದೆಡೆಗೆ ಮುಂಚೆ ಒತ್ತಡ ಏರಿ ಗಾಳಿಯು ಕ್ರಿಯೆ ನಡೆಯುವ ಪದರವಾದ ಎಲೆಕ್ಟ್ರೋಡ್‌ನೊಳಕ್ಕೆ ನುಗ್ಗುತ್ತದೆ. ಹೆಚ್ಚುವರಿ ಜಾಲರಿಯಿಲ್ಲದೆ, ಕಾಲುವೆಯ ಆಕಾರದಿಂದಲೇ ಕೆಲಸ ಸಾಧಿಸಿದ ಈ ವಿನ್ಯಾಸವೇ ನನಗೆ ಹೆಚ್ಚು ಮೆಚ್ಚುಗೆಯಾದದ್ದು.