ಬೈಪ್ಲೇನ್‌ನ ಮೇಲಿನ ರೆಕ್ಕೆ ಕೂರಿಸುವ ಮುನ್ನ

ರೇಡಿಯೊ ಕಂಟ್ರೋಲ್ ಮಾಡೆಲ್ ವಿಮಾನಗಳಲ್ಲಿ ಜೈಂಟ್ ಸ್ಕೇಲ್ ಎನ್ನಿಸಿಕೊಳ್ಳಲು ಒಂದು ಲೆಕ್ಕವಿದೆ. ಒಂಟಿ ರೆಕ್ಕೆಯದಾದರೆ ತುದಿಯಿಂದ ತುದಿಗೆ 80 ಇಂಚು ಇರಬೇಕು, ಒಂದರ ಮೇಲೊಂದು ಎರಡು ರೆಕ್ಕೆಯ ಬೈಪ್ಲೇನ್ ಆದರೆ 60 ಇಂಚು ಸಾಕು. ಇಲ್ಲವೇ ಮೂಲ ವಿಮಾನದ ಕಾಲು ಭಾಗಕ್ಕೆ ಕಡಿಮೆಯಿಲ್ಲದ ಅಳತೆ ಇರಬೇಕು. ಕಾಲು ಭಾಗಕ್ಕೆ ಇಳಿಸಿದಾಗ ಸಾಪ್‌ವಿತ್ ಪಪ್ ಸುಮಾರು 80 ಇಂಚು, ಕ್ಯಾಮೆಲ್ 84, ಟೈಗರ್ ಮಾತ್ 88, ಸ್ಟಿಯರ್‌ಮನ್ 96 ಇಂಚು ಬರುತ್ತದೆ. ಪಿಟ್ಸ್ ಎಸ್-1 ಮೂಲದಲ್ಲೇ ಪುಟ್ಟದು, ಹಾಗಾಗಿ ಅದನ್ನು ಮೂರನೇ ಒಂದು ಭಾಗಕ್ಕೆ ಕಟ್ಟಿದರೂ 70 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ.

ಕಿಟ್ ಪೆಟ್ಟಿಗೆ ತೆರೆದವರ ಗಮನ ಮೊದಲು ಹೋಗುವುದು ಎಂಜಿನ್ ಕಡೆಗೆ, ಆಮೇಲೆ ಬಣ್ಣದ ಕಡೆಗೆ. ಆದರೆ ಬೈಪ್ಲೇನ್ ನೆಟ್ಟಗೆ ಹಾರುತ್ತದೋ ಇಲ್ಲವೋ ಎನ್ನುವುದು ನಿರ್ಧಾರವಾಗುವುದು ಕ್ಯಾಬೇನ್‌ನಲ್ಲಿ, ಅಂದರೆ ಫ್ಯೂಸಲಾಜ್‌ನಿಂದ (ವಿಮಾನದ ಒಡಲಿನಿಂದ) ಎದ್ದು ಮೇಲಿನ ರೆಕ್ಕೆಯನ್ನು ಹೊರುವ ಆ ನಾಲ್ಕು ಕಾಲುಗಳಲ್ಲಿ. ಎರಡು ರೆಕ್ಕೆ, ಅವುಗಳ ನಡುವಿನ ಊರುಗಂಬಗಳಾದ ಸ್ಟ್ರಟ್, ತಂತಿ, ಬಾಲ ಎಲ್ಲವೂ ಸೇರಿ ಒಂದೇ ಚೌಕಟ್ಟು. ಒಂದು ಮೂಲೆ ಜರುಗಿದರೆ ಉಳಿದ ಮೂರೂ ಅದರ ಜೊತೆ ಜರುಗುತ್ತವೆ. ಲೇಸರ್‌ನಲ್ಲಿ ಕತ್ತರಿಸಿದ ರಿಬ್‌ಗಳು, ಅಂದರೆ ರೆಕ್ಕೆಯ ಪಕ್ಕೆಲುಬುಗಳು, ತಾವಾಗಿಯೇ ಸರಿಯಾಗಿ ಕೂರುತ್ತವೆ. ಕ್ಯಾಬೇನ್ ಹಾಗಲ್ಲ, ಅದನ್ನು ನಾವೇ ಅಳೆದು ಕೂರಿಸಬೇಕು.

ಮೊದಲು ಬಾಲದ ವಿಷಯ, ಏಕೆಂದರೆ ಅಲ್ಲಿ ಮಾಡಿದ ತಪ್ಪನ್ನು ಆಮೇಲೆ ತಿದ್ದಲಾಗದು. ಮೊದಲನೇ ಮಹಾಯುದ್ಧದ ಕಾಲದ ಹಲವು ವಿಮಾನಗಳಿಗೆ ಮೂಗು ಗಿಡ್ಡ, ಬಾಲ ಉದ್ದ. ಮೂಲದಲ್ಲಿ ಭಾರದ ರೋಟರಿ ಎಂಜಿನ್ ಮುಂದೆ ಕೂತಿರುತ್ತಿತ್ತು. ನಮ್ಮಲ್ಲಿ ಅಷ್ಟು ಭಾರದ್ದು ಇರುವುದಿಲ್ಲ. ಸಮತೋಲದ ಬಿಂದುವಿನಿಂದ ಬಾಲ 90 ಸೆಂ.ಮೀ. ಹಿಂದಿದ್ದು, ಸೀಸ ಇಡಲು ಸಿಗುವ ಜಾಗ 25 ಸೆಂ.ಮೀ. ಮುಂದಿದ್ದರೆ, ಬಾಲದಲ್ಲಿ ಹೆಚ್ಚಾದ 50 ಗ್ರಾಂಗೆ ಮೂಗಿನಲ್ಲಿ 180 ಗ್ರಾಂ ಸೇರಿಸಬೇಕಾಗುತ್ತದೆ. ಆದ್ದರಿಂದ ಕಿಟ್‌ನಲ್ಲಿ ಬಂದ ಬಾಲ್ಸಾ ಹಲಗೆಗಳನ್ನೆಲ್ಲ ತೂಗಿ, ಹಗುರವಾದವನ್ನು ಬಾಲಕ್ಕೆ ಎತ್ತಿಡಿ. ಗಟ್ಟಿ, ಭಾರದವು ಮೂಗಿನ ಕಡೆಗೆ ಹೋಗಲಿ. ಬಾಲದ ಕೀಲುಗಳಿಗೆ ಎಪಾಕ್ಸಿ ಸುರಿಯಬೇಡಿ. ಮರದ ಅಂಟು ಸಾಕು, ಅದನ್ನು ಉಜ್ಜಿ ನಯಮಾಡುವುದೂ ಸುಲಭ. ಎಪಾಕ್ಸಿ ಬೇಕಾದದ್ದು ಫೈರ್‌ವಾಲ್ (ಎಂಜಿನ್ ಕೂರುವ ಮುಂದಿನ ಹಲಗೆ), ಲ್ಯಾಂಡಿಂಗ್ ಗೇರ್ ಹಲಗೆ, ಕ್ಯಾಬೇನ್ ಬುಡ, ರೆಕ್ಕೆಯ ಬೋಲ್ಟ್ ಹಲಗೆ, ಈ ನಾಲ್ಕು ಕಡೆ. ಅಲ್ಲಿ ಬಳಸುವುದೂ 30 ನಿಮಿಷದ್ದೇ ಆಗಿರಲಿ. 5 ನಿಮಿಷದ್ದು ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ.

ರೆಕ್ಕೆ ಕಟ್ಟುವ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಹಲಗೆ ಸಮತಟ್ಟಾಗಿರಬೇಕು, ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗಳಾದ ಸ್ಪಾರ್‌ಗಳ ನಡುವೆ ಹಾಕುವ ತೆಳು ಹಲಗೆಯ, ಅಂದರೆ ವೆಬ್‌ನ ಎಳೆ ನಿಂತ ದಿಕ್ಕಿನಲ್ಲೇ ಇರಬೇಕು. ಎಳೆ ಅಡ್ಡವಾಗಿದ್ದರೆ ವೆಬ್ ಇದ್ದೂ ಇಲ್ಲದಂತೆ. ತುದಿಯಲ್ಲಿ ವಾಶ್‌ಔಟ್ (ಕೋನ ಕಡಿಮೆಯಾಗುವಂತೆ ಕೊಟ್ಟ ತುಸು ತಿರುಚು) ಇದ್ದರೆ ಹಿಂದಿನ ಅಂಚಿನ ಕೆಳಗಿಡುವ ಮರದ ತುಂಡುಗಳನ್ನು ಎಡಕ್ಕೂ ಬಲಕ್ಕೂ ಒಟ್ಟಿಗೇ ಕತ್ತರಿಸಿಕೊಳ್ಳಿ.

ಈಗ ಕ್ಯಾಬೇನ್. ಹೆಚ್ಚಿನ ಕಿಟ್‌ಗಳಲ್ಲಿ ಇದು 4 ಅಥವಾ 5 ಮಿ.ಮೀ. ಪಿಯಾನೊ ತಂತಿಯದು, ಕೆಲವದರಲ್ಲಿ ಅಲ್ಯೂಮಿನಿಯಂ ಪಟ್ಟಿಯದು. ಕೋನದ ಲೆಕ್ಕ ನೋಡಿ: 350 ಮಿ.ಮೀ. ಅಗಲದ ರೆಕ್ಕೆಯಲ್ಲಿ 1 ಡಿಗ್ರಿ ಅಂದರೆ ಹಿಂದಿನ ಅಂಚಿನಲ್ಲಿ ಸುಮಾರು 6 ಮಿ.ಮೀ. ಆದರೆ ಕ್ಯಾಬೇನ್‌ನ ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಇರುವ ಅಂತರ 150 ಮಿ.ಮೀ. ಮಾತ್ರ ಆಗಿದ್ದರೆ, ಅಲ್ಲಿ 1 ಡಿಗ್ರಿ ಅಂದರೆ ಬರೀ 2.6 ಮಿ.ಮೀ. ಅರ್ಧ ಡಿಗ್ರಿಯೊಳಗೆ ಇರಬೇಕೆಂದರೆ ನಿಮಗೆ ಸಿಗುವ ಅವಕಾಶ 1.3 ಮಿ.ಮೀ., ಒಂದು ದಪ್ಪ ವಾಶರ್‌ನಷ್ಟು. ಪ್ಲಾನ್ ಮೇಲಿಟ್ಟು ಕಣ್ಣಳತೆಯಲ್ಲಿ ಬಗ್ಗಿಸಿದ ತಂತಿ ಈ ಲೆಕ್ಕಕ್ಕೆ ಒಗ್ಗುವುದಿಲ್ಲ.

ಹೀಗಾಗಿ ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್ ಬೇಕೇಬೇಕು. ಎರಡು ಪ್ಲೈ ಹಲಗೆಗಳನ್ನು ಫ್ಯೂಸಲಾಜ್‌ನ ಎರಡೂ ಬದಿಗೆ ನಿಲ್ಲುವಂತೆ ಕತ್ತರಿಸಿ. ಕೆಳ ಅಂಚು ಕೆಳ ರೆಕ್ಕೆಯ ಮೇಲ್ಮೈಗೆ ಹೊಂದಬೇಕು, ಮೇಲಂಚು ಮೇಲಿನ ರೆಕ್ಕೆಯ ತಳಕ್ಕೆ ಹೊಂದಬೇಕು. ಎರಡನ್ನೂ ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲ ಉಜ್ಜಿದರೆ ಎಡಬಲ ಒಂದೇ ಆಗುತ್ತವೆ. ಕೆಳ ರೆಕ್ಕೆಯನ್ನು ಬೋಲ್ಟ್ ಮಾಡಿ, ಬಾಲದ ರೆಕ್ಕೆ ಸೊನ್ನೆ ಡಿಗ್ರಿಗೆ ಬರುವಂತೆ ಫ್ಯೂಸಲಾಜನ್ನು ಮೇಜಿನ ಮೇಲೆ ಏರಿಸಿ ನಿಲ್ಲಿಸಿ. ರೆಕ್ಕೆಯ ಕೋನ ತೋರಿಸುವ ಇನ್ಸಿಡೆನ್ಸ್ ಮೀಟರ್‌ನಿಂದ ಕೆಳ ರೆಕ್ಕೆಯನ್ನು ನಾಲ್ಕು ಕಡೆ ಅಳೆಯಿರಿ: ಬುಡದಲ್ಲಿ ಎಡಬಲ, ಸ್ಟ್ರಟ್ ಹತ್ತಿರ ಎಡಬಲ. ಆಮೇಲೆ ಮೇಲಿನ ರೆಕ್ಕೆಯನ್ನು ಜಿಗ್ ಮೇಲೆ ಕೂರಿಸಿ ಅದೇ ನಾಲ್ಕು ಕಡೆ ಅಳೆಯಿರಿ. ಹಿಗ್ಗದ ದಾರವೊಂದನ್ನು ಬಾಲದ ರಡ್ಡರ್ ಕಂಬಕ್ಕೆ ಕಟ್ಟಿ ಮೇಲಿನ ರೆಕ್ಕೆಯ ಎಡ ತುದಿಗೆ ಎಳೆದು ಗುರುತು ಮಾಡಿ, ಅದನ್ನೇ ಬಲ ತುದಿಗೆ ಒಯ್ಯಿರಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಿಲ್ಲಿಸಿ, ಸರಿಮಾಡಿ. ಮುಂದಿನಿಂದ ನಿಂತು ಎರಡೂ ರೆಕ್ಕೆಯ ತುದಿಗಳ ನಡುವಿನ ಎತ್ತರವನ್ನೂ ಹೋಲಿಸಿ. ಇಷ್ಟೆಲ್ಲ ಸರಿಬಂದ ಮೇಲೆಯೇ ಬ್ರಾಕೆಟ್‌ಗಳಿಗೆ ತೂತು ಹೊಡೆಯಬೇಕು, ತಂತಿ ಕೀಲುಗಳನ್ನು ಬೆಸೆಯಬೇಕು. ಬೆಸೆಯುವ ಜಾಗವನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ತೆಳು ತಾಮ್ರದ ತಂತಿಯನ್ನು ಒತ್ತಾಗಿ ಸುತ್ತಿ, ಬೆಳ್ಳಿ ಬೆರೆತ ಬೆಸುಗೆ ಹಾಕಿ. ಮುಗಿದ ಕೂಡಲೇ ಫ್ಲಕ್ಸ್ ತೊಳೆಯದಿದ್ದರೆ ತಂತಿ ಒಳಗೊಳಗೇ ತುಕ್ಕು ಹಿಡಿಯುತ್ತದೆ.

ಮೇಲಿನ ರೆಕ್ಕೆ ಎಷ್ಟು ಡಿಗ್ರಿ ಎನ್ನುವುದನ್ನು ಪ್ಲಾನ್ ಹೇಳಿದಂತೆಯೇ ಬಿಡಿ. ಮೇಲಿನ ರೆಕ್ಕೆ ಮುಂದಕ್ಕಿರುವ ವಿನ್ಯಾಸದಲ್ಲಿ ಅದಕ್ಕೆ ತುಸು ಹೆಚ್ಚು ಕೋನ ಇದ್ದರೆ ಮೊದಲು ಸ್ಟಾಲ್ ಆಗುವುದು, ಅಂದರೆ ಎತ್ತುವ ಬಲ ಕಳೆದುಕೊಳ್ಳುವುದು ಅದೇ. ಹಿಂದಿನ ಕೆಳ ರೆಕ್ಕೆ ಇನ್ನೂ ಎತ್ತುತ್ತಿರುವುದರಿಂದ ಮೂಗು ತಾನಾಗಿಯೇ ಕೆಳಗಿಳಿಯುತ್ತದೆ. ಪಿಟ್ಸ್‌ನಂಥ ಕಸರತ್ತಿನ ಮಾಡೆಲ್‌ಗಳಲ್ಲಿ ಎರಡನ್ನೂ ಸೊನ್ನೆಯ ಹತ್ತಿರ ಇಡುತ್ತಾರೆ. ಅದಕ್ಕಿಂತ ಮುಖ್ಯ ಎಡಬಲದ ಹೊಂದಾಣಿಕೆ. ಎರಡೂ ಬದಿ ಅರ್ಧ ಡಿಗ್ರಿ ತಪ್ಪಿದ್ದರೆ ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ) ಟ್ರಿಮ್‌ನಲ್ಲಿ ಸರಿಹೋಗುತ್ತದೆ. ಒಂದೇ ಬದಿ ಅರ್ಧ ಡಿಗ್ರಿ ತಪ್ಪಿದ್ದರೆ ವೇಗ ಬದಲಾದಂತೆಲ್ಲ ವಿಮಾನ ಒಂದು ಕಡೆ ವಾಲುತ್ತಲೇ ಇರುತ್ತದೆ.

ರೆಕ್ಕೆಗಳ ನಡುವಿನ ಸ್ಟ್ರಟ್‌ಗಳನ್ನು ಕೊನೆಯಲ್ಲಿ ಮಾಡಿ. ತುಂಬಾ ಜನ ಪ್ಲಾನ್ ಅಳತೆಗೆ ಸ್ಟ್ರಟ್ ಮೊದಲೇ ಕತ್ತರಿಸಿ, ರೆಕ್ಕೆಯನ್ನು ಬಗ್ಗಿಸಿ ಅದಕ್ಕೆ ಸೇರಿಸುತ್ತಾರೆ. ಹಿಂದಿನ ಕಾಲು 2 ಮಿ.ಮೀ. ಗಿಡ್ಡವಾದರೂ ರೆಕ್ಕೆ ಅಲ್ಲಿ ತಿರುಚಿಕೊಳ್ಳುತ್ತದೆ. ಜಿಗ್ ಮೇಲೆ ರೆಕ್ಕೆಗಳು ತಾವಾಗಿ ನಿಂತ ಅಂತರ ಎಷ್ಟೋ ಸ್ಟ್ರಟ್ ಅಷ್ಟೇ ಉದ್ದ ಇರಬೇಕು. ಬೋಲ್ಟ್ ಬೆರಳಲ್ಲಿ ತಳ್ಳಿದರೆ ಒಳಹೋಗಬೇಕು, ಬಲ ಹಾಕಬೇಕಾಗಿ ಬಂದರೆ ಸ್ಟ್ರಟ್ ತಪ್ಪಾಗಿದೆ ಎಂದೇ ಅರ್ಥ.

ತಂತಿಗಳಲ್ಲಿ ಎರಡು ಬಗೆ. ಕೆಳ ರೆಕ್ಕೆಯ ಬುಡದಿಂದ ಸ್ಟ್ರಟ್‌ನ ಮೇಲ್ತುದಿಗೆ ಹೋಗುವುದು ಫ್ಲೈಯಿಂಗ್ ವೈರ್, ಹಾರುವಾಗ ಭಾರ ಹೊರುವುದು ಅದು. ಕ್ಯಾಬೇನ್ ಮೇಲಿಂದ ಸ್ಟ್ರಟ್‌ನ ಕೆಳತುದಿಗೆ ಬರುವುದು ಲ್ಯಾಂಡಿಂಗ್ ವೈರ್, ನೆಲಕ್ಕೆ ಬಡಿದಾಗ ರೆಕ್ಕೆ ಜೋಲದಂತೆ ಹಿಡಿಯುವುದು ಇದು. ನಿಮ್ಮ ಕಿಟ್‌ನಲ್ಲಿ ಇವು ಅಂದಕ್ಕೆ ಮಾತ್ರವೋ, ಭಾರ ಹೊರಲೋ ಎಂಬುದನ್ನು ಕೈಪಿಡಿಯಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಭಾರ ಹೊರುವಂಥವಾದರೆ ನೈಲಾನ್ ಹೊದಿಕೆಯ ಹೆಣೆದ ಸ್ಟೀಲ್ ತಂತಿಯನ್ನು ಕ್ರಿಂಪ್ ಕೊಳವೆಯೊಳಗೆ ಎರಡು ಸಲ ತೂರಿಸಿ ಒತ್ತಿ. ಒಂದು ತುದಿಗೆ ತಿರುಪಿನ ಕ್ಲೆವಿಸ್ (ಕವಲು ಕೊಂಡಿ) ಮತ್ತು ಲಾಕ್ ನಟ್ ಇರಲಿ. ಮೊದಲು ಲ್ಯಾಂಡಿಂಗ್ ವೈರ್ ಎಳೆದು ರೆಕ್ಕೆಯ ಏರು ಸರಿಮಾಡಿ, ಆಮೇಲೆ ಫ್ಲೈಯಿಂಗ್ ವೈರ್‌ನ ಸಡಿಲು ಹೋಗುವಷ್ಟು ಮಾತ್ರ ಬಿಗಿಯಿರಿ. ಎಡದ ತಂತಿ ಮೀಟಿ, ಬಲದ್ದು ಮೀಟಿ. ಎರಡೂ ಒಂದೇ ಶ್ರುತಿಯಲ್ಲಿ ನುಡಿದರೆ ಎಳೆತ ಸಮ ಇದೆ. ಅತಿಯಾಗಿ ಬಿಗಿದರೆ ನೆಲದ ಮೇಲೆ ನಿಂತಾಗಲೇ ಸ್ಪಾರ್ ಬಾಗುತ್ತದೆ. ಬಿಗಿದ ಮೇಲೆ ಮತ್ತೊಮ್ಮೆ ಮೀಟರ್ ಹಚ್ಚಿ ನೋಡುವುದನ್ನು ಬಿಡಬೇಡಿ.

ಮೈದಾನಕ್ಕೆ ಒಯ್ಯುವಾಗ ಸಾಧ್ಯವಾದರೆ ಒಂದು ಬದಿಯ ಮೇಲಿನ ಮತ್ತು ಕೆಳಗಿನ ರೆಕ್ಕೆ, ಸ್ಟ್ರಟ್, ತಂತಿ ಎಲ್ಲವನ್ನೂ ಬಿಚ್ಚದೆ ಒಂದೇ ಗಂಟಾಗಿ ಇಡಿ. ಅಲ್ಲಿ ಬೇರೆ ಬೇರೆಯಾಗಿ ಜೋಡಿಸುವ ಗಡಿಬಿಡಿಯಲ್ಲೇ ಪಿನ್ ಮರೆತುಹೋಗುವುದು.

ಬಟ್ಟೆ ಹೊದಿಸುವಾಗ ತಳ ಮೊದಲು, ಮೇಲ್ಭಾಗ ಆಮೇಲೆ. ಬಾಲದ ತೆಳು ಚೌಕಟ್ಟಿಗೆ ಇಸ್ತ್ರಿಯ ಬಿಸಿ ಕಡಿಮೆಯಿರಲಿ, ಇಲ್ಲದಿದ್ದರೆ ಬಿಲ್ಲಿನಂತೆ ಬಾಗುತ್ತದೆ.

ಕಾಲು ಭಾಗದ ಅಳತೆಗೆ ಸಾಮಾನ್ಯವಾಗಿ 30ರಿಂದ 55 ಸಿಸಿ ಪೆಟ್ರೋಲ್ ಎಂಜಿನ್ ಹಾಕುತ್ತಾರೆ. ಎಂಜಿನ್ ಮುಚ್ಚುವ ದುಂಡು ಕೌಲ್ ಪ್ರೊಪೆಲ್ಲರ್‌ನ ನಡುಭಾಗವನ್ನು ಮರೆಮಾಡುವುದರಿಂದ, ವೇಗಕ್ಕೆ ಬೇಕಾದ ಪಿಚ್‌ಗಿಂತ (ಅಲಗಿನ ಓರೆಗಿಂತ) ವ್ಯಾಸ ಮುಖ್ಯ. 38 ಸಿಸಿಗೆ 18ರಿಂದ 20 ಇಂಚು, 55 ಸಿಸಿಗೆ 22 ಇಂಚಿನ ಆಸುಪಾಸು. ತೆರೆದ ಕೌಲ್ ಇದ್ದರೆ ಗಾಳಿ ಧಾರಾಳ ಬರುತ್ತದೆ ಎಂದುಕೊಳ್ಳುವುದು ತಪ್ಪು. ಗಾಳಿ ಸುಲಭದ ದಾರಿ ಹಿಡಿದು ಸಿಲಿಂಡರ್ ಪಕ್ಕದಿಂದ ಜಾರಿಹೋಗುತ್ತದೆ. ಸಿಲಿಂಡರ್ ಎದುರು ಮಾತ್ರ ಬಿಟ್ಟು ಉಳಿದದ್ದನ್ನು ತೆಳು ಪ್ಲೈನಿಂದ ಮುಚ್ಚಿ, ಹೊರಹೋಗುವ ಕಿಂಡಿ ಒಳಬರುವುದಕ್ಕಿಂತ ಎರಡರಷ್ಟಾದರೂ ಇರಲಿ. ಪೆಟ್ರೋಲ್‌ಗೆ ಸಿಲಿಕೋನ್ ಕೊಳವೆ ಬೇಡ, ಅದು ಊದಿಕೊಂಡು ಕಳಚುತ್ತದೆ. ಟೈಗಾನ್ ಕೊಳವೆಯನ್ನೂ ಪೆಟ್ರೋಲ್ ತಡೆಯುವ ಟ್ಯಾಂಕ್ ಬಿರಡೆಯನ್ನೂ ಬಳಸಿ.

ಇಗ್ನಿಷನ್‌ಗೆ ಬೇರೆ ಬ್ಯಾಟರಿ, ರಿಸೀವರ್‌ಗೆ ಎರಡು ಬ್ಯಾಟರಿ, ಇಗ್ನಿಷನ್ ಕಡೆಗೂ ರಿಸೀವರ್ ಕಡೆಗೂ ನಡುವೆ ಕನಿಷ್ಠ 30 ಸೆಂ.ಮೀ. ಅಂತರ. ಥ್ರಾಟಲ್‌ಗೆ ಲೋಹದ ಕಡ್ಡಿ ಬೇಡ. ಟ್ರಾನ್ಸ್‌ಮಿಟರ್‌ನಿಂದಲೇ ಇಗ್ನಿಷನ್ ಆರಿಸುವ ಕಿಲ್ ಸ್ವಿಚ್ ಇಲ್ಲದೆ ಎಂಜಿನ್ ಚಾಲೂ ಮಾಡಲೇಬಾರದು. ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳಾದ ಸರ್ವೊಗಳು ಲೋಹದ ಗೇರಿನವು, ಪ್ರತಿ ಐಲೆರಾನ್‌ಗೆ (ವಿಮಾನವನ್ನು ವಾಲಿಸುವ ರೆಕ್ಕೆಯ ಹಿಂಪಟ್ಟಿಗೆ) ಸುಮಾರು 10 ಕೆಜಿ-ಸೆಂ.ಮೀ. ಬಲದವು. ಕೆಳಗಿನ ಐಲೆರಾನ್ ಕಡ್ಡಿಯ ಮೂಲಕ ಮೇಲಿನದನ್ನು ಎಳೆಯುವಂತಿದ್ದರೆ ಆ ಕೊಂಡಿಯಲ್ಲಿ ಸ್ವಲ್ಪವೂ ಅಲುಗಾಟ ಇರಬಾರದು. ಫ್ಲಟರ್, ಅಂದರೆ ಪಟ್ಟಿ ಪಟಪಟನೆ ಬಡಿದುಕೊಳ್ಳುವುದು, ಶುರುವಾಗುವುದು ಅಲ್ಲಿಂದ.

ಸಮತೋಲದ ಬಿಂದು ಹುಡುಕುವಾಗ ಮೇಲಿನ ರೆಕ್ಕೆಯನ್ನಷ್ಟೇ ನೋಡಿದರೆ ಎಡವಟ್ಟಾಗುತ್ತದೆ. ಎರಡೂ ರೆಕ್ಕೆ ಒಂದೇ ಅಳತೆಯವು, ಅಗಲ 350 ಮಿ.ಮೀ., ಮೇಲಿನದು 100 ಮಿ.ಮೀ. ಮುಂದಿದೆ ಎನ್ನಿ. ಆಗ ಎರಡರ ಸರಾಸರಿ ಮುಂದಿನ ಅಂಚು ಮೇಲಿನದಕ್ಕಿಂತ 50 ಮಿ.ಮೀ. ಹಿಂದೆ. ಅಲ್ಲಿಂದ ಅಗಲದ 25ರಿಂದ 28 ಶೇಕಡಾ, ಅಂದರೆ 88ರಿಂದ 98 ಮಿ.ಮೀ. ಒಟ್ಟಿನಲ್ಲಿ ಮೇಲಿನ ರೆಕ್ಕೆಯ ಮುಂದಿನ ಅಂಚಿನಿಂದ 138ರಿಂದ 148 ಮಿ.ಮೀ. ಮೊದಲ ಹಾರಾಟಕ್ಕೆ 138ರ ಹತ್ತಿರವೇ ಇಡಿ, ಟ್ಯಾಂಕ್ ಖಾಲಿ ಇಟ್ಟು ತೂಗಿ.

ಹಾರಿಸುವಾಗ ನೆನಪಿಡಬೇಕಾದದ್ದು ಗಾಳಿಯ ತಡೆ. ಎರಡು ರೆಕ್ಕೆ, ತಂತಿ, ಸ್ಟ್ರಟ್, ದೊಡ್ಡ ಚಕ್ರ ಎಲ್ಲ ಸೇರಿ ಎಳೆಯುವುದರಿಂದ ಥ್ರಾಟಲ್ ಇಳಿಸಿದ ಕ್ಷಣವೇ ವೇಗ ಕುಸಿಯುತ್ತದೆ. ಟೇಕಾಫ್‌ನಲ್ಲಿ ಎಲಿವೇಟರ್ ಎಳೆದು ಬಾಲವನ್ನು ನೆಲಕ್ಕೆ ಒತ್ತಿಕೊಂಡೇ ಥ್ರಾಟಲ್ ನಿಧಾನಕ್ಕೆ ಏರಿಸಿ, ವೇಗ ಬಂದಮೇಲೆ ಮೆಲ್ಲಗೆ ಬಿಡಿ. ಬಾಲ ಮೇಲೇಳುವಾಗ ಪ್ರೊಪೆಲ್ಲರ್‌ನ ಗೈರೊ ಗುಣದಿಂದ ಮೂಗು ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಸಿದ್ಧವಿರಲಿ. ತಿರುವಿನಲ್ಲಿ ಐಲೆರಾನ್ ಒಂದನ್ನೇ ಕೊಟ್ಟರೆ ಮೂಗು ತಿರುವಿನ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ರಡ್ಡರ್ ಜೊತೆಗೇ ಬರಬೇಕು. ಐಲೆರಾನ್ ಮೇಲೆ ಹೋಗುವುದರ ಅರ್ಧದಷ್ಟು ಮಾತ್ರ ಕೆಳಗೆ ಬರುವಂತೆ ಹೊಂದಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಇಳಿಸುವಾಗ ಚಕ್ರ ನೆಲ ಮುಟ್ಟುವವರೆಗೂ ಸ್ವಲ್ಪ ಥ್ರಾಟಲ್ ಉಳಿಸಿಕೊಳ್ಳಿ. ಎಂಜಿನ್ ಗಾಳಿಯಲ್ಲೇ ನಿಂತರೆ ಯೋಚಿಸುತ್ತಾ ಕೂರದೆ ಮೂಗು ಇಳಿಸಿ, ರನ್‌ವೇ ದೂರವಿದ್ದರೆ ಅದರ ಆಸೆ ಬಿಟ್ಟು ಎದುರಿಗಿರುವ ಬಯಲಿಗೇ ಇಳಿಸಿ. ಮೂಗೆತ್ತಿ ದೂರ ಎಳೆಯಲು ಹೋದ ಬೈಪ್ಲೇನ್ ಒಂದು ರೆಕ್ಕೆ ಜಾರಿಸಿ ಬೀಳುತ್ತದೆ.

ಮೊದಲ ಹಾರಾಟ ಮುಗಿದು ಎಂಜಿನ್ ತಣ್ಣಗಾದ ಮೇಲೆ ತಂತಿಗಳನ್ನು ಮತ್ತೆ ಮೀಟಿ ನೋಡಿ. ಕ್ರಿಂಪ್‌ಗಳು ಕೂತುಕೊಳ್ಳುವುದರಿಂದ ಶ್ರುತಿ ಇಳಿದಿರುತ್ತದೆ. ಕ್ಲೆವಿಸ್ ಅರ್ಧ ಸುತ್ತು ತಿರುಗಿಸಿ ಲಾಕ್ ನಟ್ ಬಿಗಿದು, ಕ್ಯಾಬೇನ್ ಬೋಲ್ಟ್‌ಗಳ ಸುತ್ತ ಬಣ್ಣ ಬಿರುಕು ಬಿಟ್ಟಿದೆಯೇ ಎಂದು ಬೆಳಕು ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಬುಡ ಅಲುಗಾಡಿದೆ. ಎರಡನೇ ಹಾರಾಟ ಅದನ್ನು ಬಿಚ್ಚಿ ನೋಡಿದ ಮೇಲೆ.