‘ವಚನ ಯಾಕೆ ತೆಗೆದರು?’ ಎಂದು ಕೇಳುವವರಿಗೆ

ಎನ್‌ಐವಿಯಂಥ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್) ಈಚಿನ ಇಂಗ್ಲಿಷ್ ಬೈಬಲ್‌ನಲ್ಲಿ ಮತ್ತಾಯ 17ನೇ ಅಧ್ಯಾಯ ತೆಗೆಯಿರಿ. 20 ಆದ ಮೇಲೆ ನೇರ 22. ನಡುವಿನ 21, ‘ಈ ಜಾತಿಯ ದೆವ್ವ ಪ್ರಾರ್ಥನೆ, ಉಪವಾಸಗಳಿಂದಲ್ಲದೆ ಬಿಟ್ಟುಹೋಗದು’ ಎಂಬ ಸಾಲು, ಪುಟದ ಅಡಿಗೆ ಹೋಗಿ ಕೂತಿದೆ. ಇದರ ಫೋಟೊ ಹೊಡೆದು, ಕೆಂಪು ಗೆರೆ ಎಳೆದು, ‘ಸತ್ಯವೇದದಿಂದ ವಚನ ಯಾಕೆ ತೆಗೆದರು?’ ಎಂದು ಕಳಿಸುತ್ತಾರೆ. ನಮಸ್ಕಾರ, ಕ್ಷೇಮ ಸಮಾಚಾರ ಏನೂ ಇಲ್ಲ. ಉತ್ತರ ಇಲ್ಲಿ ಬರೆದಿಟ್ಟಿದ್ದೇನೆ, ಇನ್ನು ಕೇಳಿದವರಿಗೆಲ್ಲ ಇದೇ.

ಪ್ರಶ್ನೆಯ ‘ತೆಗೆದರು’ ಅನ್ನುವುದೇ ನನ್ನ ತಕರಾರು. ಕದ್ದವನು ಕದ್ದ ಜಾಗದಲ್ಲಿ ನಂಬರು ಖಾಲಿ ಬಿಟ್ಟು, ಮಾಲನ್ನು ಅದೇ ಪುಟದ ಅಡಿಟಿಪ್ಪಣಿಯಲ್ಲಿ ಇಟ್ಟು ಹೋಗುತ್ತಾನೆಯೇ?

ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಬಿದ್ದದ್ದು 1551ರಲ್ಲಿ, ಜಿನೀವಾದಲ್ಲಿ ರಾಬರ್ಟ್ ಎಸ್ತಿಯೆನ್ ಅಚ್ಚು ಹಾಕಿದ ಗ್ರೀಕ್ ಪ್ರತಿಯಲ್ಲಿ. ಅವನ ಪಾಠ ಡಚ್ ವಿದ್ವಾಂಸ ಎರಾಸ್ಮಸ್ 1516ರಲ್ಲಿ ಬಾಸೆಲ್‌ನಿಂದ ಹೊರತಂದದ್ದರ ವಂಶದ್ದು. ಎರಾಸ್ಮಸ್ ಕೈಲಿದ್ದದ್ದು ಬೆರಳೆಣಿಕೆಯ ಹಸ್ತಪ್ರತಿ, ಅವೂ ತೀರಾ ಹಳೆಯವಲ್ಲ. ಬೈಬಲ್‌ನ ಕೊನೆಯ ಪುಸ್ತಕ ‘ಪ್ರಕಟನೆ’ಗೆ ಇದ್ದ ಒಂದೇ ಒಂದು ಪ್ರತಿಯಲ್ಲಿ ಕೊನೆಯ ಹಾಳೆಯೇ ಇರಲಿಲ್ಲ. ಕಡೆಯ ಆರು ವಚನಗಳನ್ನು ಲ್ಯಾಟಿನ್‌ನಿಂದ ಗ್ರೀಕಿಗೆ ತಾನೇ ತಿರುಗಿಸಿ ತುಂಬಿದ. ಆ ಪಾಠದಲ್ಲಿ ಏನೇನಿತ್ತೋ ಎಲ್ಲಕ್ಕೂ ಸಂಖ್ಯೆ ಬಿತ್ತು. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ ಅದೇ ಜಾಡು ಹಿಡಿಯಿತು. ಮುಂದೆ, 4ನೇ ಶತಮಾನದ ಸಿನೈ ಪ್ರತಿಯನ್ನೂ ವ್ಯಾಟಿಕನ್ ಪ್ರತಿಯನ್ನೂ ವಿದ್ವಾಂಸರು ಸಾಲು ಸಾಲಾಗಿ ಹೋಲಿಸಿದಾಗ ಮತ್ತಾಯ 17:21 ಆ ಪ್ರತಿಗಳನ್ನು ಮೊದಲು ಬರೆದ ಲಿಪಿಕಾರರ ಬರಹದಲ್ಲಿ ಇರಲೇ ಇಲ್ಲ. ಸಾಲು ಕೆಳಗಿಳಿಯಿತು, ನಂಬರು ಉಳಿಯಿತು. ಮುಂದಿನವನ್ನೆಲ್ಲ ಮತ್ತೆ ಎಣಿಸಿದರೆ ನಾನೂರು ವರ್ಷದ ಉಲ್ಲೇಖಗಳು ಕೆಡುತ್ತವಲ್ಲ.

ಹಾಗಾದರೆ ಒಳಗೆ ಬಂದದ್ದು ಹೇಗೆ? ಇದೇ ದೆವ್ವ ಬಿಡಿಸುವ ಕಥೆ ಮಾರ್ಕ 9ರಲ್ಲೂ ಇದೆ. ಈ ಜಾತಿಯದು ಪ್ರಾರ್ಥನೆಗೆ ಮಾತ್ರ ಬಗ್ಗುತ್ತದೆ ಎಂಬ ಮಾತು ಅಲ್ಲಿಯದು, 29ನೇ ವಚನ. ಅದನ್ನು ಬಾಯಿಪಾಠ ಬಲ್ಲ ಲಿಪಿಕಾರ ಮತ್ತಾಯ ಬರೆಯುವಾಗ ‘ಇಲ್ಲಿ ಒಂದು ಸಾಲು ಬಿಟ್ಟಿದೆ’ ಅಂದುಕೊಂಡು ತುಂಬುತ್ತಾನೆ. ತಮಾಷೆ ಏನೆಂದರೆ, ಮಾರ್ಕನಿಗೇ ‘ಉಪವಾಸ’ ಆಮೇಲೆ ಅಂಟಿದ್ದು. ಎರವಲಿನ ಜೊತೆ ಬಡ್ಡಿಯೂ ಮತ್ತಾಯನ ಮನೆ ಸೇರಿತು.

ಇನ್ನೊಂದು ದಾರಿ ಹಾಳೆಯ ಅಂಚು. ಯೋಹಾನ 5ರಲ್ಲಿ 38 ವರ್ಷದಿಂದ ರೋಗಿಯಾಗಿದ್ದವನು, ನೀರು ಕಲಕಿದಾಗ ನನ್ನನ್ನು ಕೊಳಕ್ಕೆ ಇಳಿಸುವವರಿಲ್ಲ ಅನ್ನುತ್ತಾನೆ. ನೀರು ಯಾಕೆ ಕಲಕಬೇಕು? ದೇವದೂತ ಇಳಿದು ಕಲಕುತ್ತಿದ್ದ ಎಂದು ಯಾರೋ ವಿವರಣೆ ಬರೆದರು. ಅದು 4ನೇ ವಚನವಾಗಿ ಒಳಗೆ ಬಂತು. ಅಂಚಿನಲ್ಲಿದ್ದದ್ದನ್ನು ಒಳಗೆ ತಂದ ಲಿಪಿಕಾರನನ್ನು ಬೈಯಬೇಡಿ. ಬಿಟ್ಟುಹೋದ ಸಾಲನ್ನು ತಿದ್ದುವವನು ಬರೆಯುತ್ತಿದ್ದದ್ದೂ ಅದೇ ಅಂಚಿನಲ್ಲಿ. ಯಾವುದು ಟಿಪ್ಪಣಿ, ಯಾವುದು ತಿದ್ದುಪಡಿ ಎಂದು ನಕಲು ಮಾಡುವವನಿಗೆ ಹೇಗೆ ತಿಳಿಯಬೇಕು? ಸಂಶಯ ಬಂದರೆ ಒಳಗೆ ಹಾಕುವುದೇ ಕ್ಷೇಮ.

ಓಲೆಗರಿಗಳ ಸಂಪಾದನೆ ಬಲ್ಲ ಕನ್ನಡಿಗರಿಗೆ ‘ಪ್ರಕ್ಷಿಪ್ತ’ (ಆಮೇಲೆ ಬೇರೆಯವರು ಸೇರಿಸಿದ್ದು) ಹೊಸ ಮಾತಲ್ಲ. ಅಲ್ಲಿ ತಲೆದೂಗುವವರೇ ಇಲ್ಲಿ ಬಂದು ‘ಪಿತೂರಿ’ ಅನ್ನುತ್ತಾರೆ.

‘ಹೆಚ್ಚಿನ ಪ್ರತಿಗಳಲ್ಲಿ ಇದೆಯಲ್ಲ?’ ಇದೆ. ತಪ್ಪಿರುವ ಒಂದು ಪ್ರತಿಯಿಂದ ನೂರು ನಕಲು ತೆಗೆದರೆ ಸಾಕ್ಷಿ ನೂರಾಗುವುದಿಲ್ಲ. ಹಾಗಂತ ಚಿಕ್ಕದೆಲ್ಲ ಹಳೆಯದೂ ಅಲ್ಲ. ಎರಡು ಸಾಲು ಒಂದೇ ಪದದಲ್ಲಿ ಮುಗಿದರೆ ಕಣ್ಣು ಜಾರಿ ನಡುವಿನದು ಬಿದ್ದುಹೋಗುತ್ತದೆ. ಬಿದ್ದದ್ದೋ ಸೇರಿದ್ದೋ ಎಂದು ಪ್ರತಿ ಸಲವೂ ನೋಡಬೇಕು. ಒಂದು ಗುರುತು, ಸಾಲು ಅಲೆಯುತ್ತಿದೆಯೇ ಎಂಬುದು. ಮತ್ತಾಯ 23:14 ಕೆಲವು ಪ್ರತಿಗಳಲ್ಲಿ 13ರ ಮುಂಚೆ, ಕೆಲವುಗಳಲ್ಲಿ ಆಮೇಲೆ. ವ್ಯಭಿಚಾರದಲ್ಲಿ ಸಿಕ್ಕ ಹೆಂಗಸಿನ ಪ್ರಸಂಗ ಸಾಮಾನ್ಯವಾಗಿ ಯೋಹಾನನಲ್ಲಿ, ಆದರೆ ಕೆಲವು ಪ್ರತಿಗಳಲ್ಲಿ ಲೂಕ 21ರ ಕೊನೆಗೆ. ಹುಟ್ಟಿದ ಮನೆಯಲ್ಲೇ ಇದ್ದದ್ದು ಹೀಗೆ ಅಲೆಯುವುದಿಲ್ಲ.

ಇಷ್ಟು ಜನರಲ್ಲಿ ಒಬ್ಬರಾದರೂ ‘ಹೊಸದಾಗಿ ಏನಾದರೂ ಸೇರಿಸಿದ್ದಾರಾ?’ ಎಂದು ಕೇಳಬಾರದೇ? ಸೇರಿಸಿದ್ದಾರೆ, ಅದೂ ಅದೇ ಎನ್‌ಐವಿಯಲ್ಲಿ. ಕೀರ್ತನೆ 145 ಹೀಬ್ರೂ ವರ್ಣಮಾಲೆಯ ಕ್ರಮದಲ್ಲಿದೆ, ವಚನಕ್ಕೊಂದು ಅಕ್ಷರ. ಅಕ್ಷರ 22, ಸಂಪ್ರದಾಯದ ಹೀಬ್ರೂ ಪಾಠದಲ್ಲಿ ವಚನ 21. ಮೇಮ್ ಆದ ಮೇಲೆ ಸಾಮೆಖ್, ನಡುವೆ ನೂನ್ ಇಲ್ಲ. ಹಳೆಯ ಗ್ರೀಕ್ ಅನುವಾದದಲ್ಲಿ ಆ ಸಾಲಿತ್ತು. 1956ರಲ್ಲಿ ಮೃತ ಸಮುದ್ರದ ಬಳಿ, ಕುಮ್ರಾನ್‌ನ 11ನೇ ಗುಹೆಯಲ್ಲಿ ಸಿಕ್ಕ ಕೀರ್ತನೆಗಳ ಸುರುಳಿಯಲ್ಲಿ ಅದು ಹೀಬ್ರೂವಿನಲ್ಲೇ ಬಂತು: ದೇವರು ತನ್ನ ಮಾತುಗಳಲ್ಲಿ ನಂಬಿಗಸ್ತನು, ತನ್ನ ಎಲ್ಲ ಕಾರ್ಯಗಳಲ್ಲಿ ಕೃಪಾಳು. ಇದರ ಉತ್ತರಾರ್ಧ 17ನೇ ವಚನದ್ದೇ ಪಡಿಯಚ್ಚು, ಹಾಗಾಗಿ ಖಾಲಿ ಜಾಗ ಕಂಡು ಯಾರೋ ಹೊಸೆದದ್ದು ಎಂಬ ವಾದವೂ ಇದೆ. ಆ ಜಗಳಕ್ಕೆ ನಾನು ಯಾವತ್ತೂ ತಯಾರು. ಆದರೆ ಈ ಸಾಲಿಗೆ ಹೊಸ ನಂಬರು ಕೊಡದೆ 13ರ ಬಾಲಕ್ಕೆ ಕಟ್ಟಿದ್ದಾರೆ, ಕೆಂಪು ಗೆರೆಯವರ ಕಣ್ಣಿಗೆ ಇನ್ನೂ ಬಿದ್ದಿಲ್ಲ.