ಅಜ್ಜಿ ಮನೆ ಬೆಕ್ಕು ಏನು ತಿಂದು ಬದುಕಿತ್ತು?

ವಿಜಯಪುರದ ನಮ್ಮ ಓಣಿಯಲ್ಲಿ ಯಾರೇ ಸಿಕ್ಕರೂ ಮಳೆ-ಬೆಳೆ, ಆರೋಗ್ಯದ ಮಾತಾದ ಮೇಲೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. ‘ಅಲ್ಲ ತಂಗಿ, ನಮ್ಮ ಅಜ್ಜಿ ಮನ್ಯಾಗಿನ ಬೆಕ್ಕು ಹಾಲು-ರೊಟ್ಟಿ ತಿಂದು ಹನ್ನೆರಡು ವರ್ಷ ಬದುಕಿತ್ತು. ನಿನ್ನ ಬೆಕ್ಕಿಗ್ಯಾಕ ಮಾಂಸ? ಅದೂ ಸಾಲದಂತ ಮ್ಯಾಲೆ ಅದೇನೋ ಪುಡಿ ಬ್ಯಾರೆ?’ ನಾವು ಮಾಂಸ ತಿನ್ನದ ಮನೆಯವರೆಂಬುದು ಓಣಿಗೆಲ್ಲ ಗೊತ್ತಿರುವುದರಿಂದ ಕೇಳುವವರ ಅಚ್ಚರಿ ಇನ್ನೂ ದೊಡ್ಡದು. ಕೈಯಲ್ಲಿ ಕಾಯಿಪಲ್ಲೆ ಚೀಲ ಹಿಡಿದು ನಿಂತಲ್ಲೇ ಹೇಳಿ ಮುಗಿಸುವ ಉತ್ತರವಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಜ್ಜಿಯ ಮನೆಯಲ್ಲೂ ಬೆಕ್ಕಿತ್ತು. ಡೋಣಿ ಹೊಳೆಯ ಸಾಲಿನ ಊರು ಅದು. ‘ಡೋಣಿ ಬೆಳೆದರ ಓಣೆಲ್ಲ ಜೋಳ’ ಅನ್ನುತ್ತಾರಲ್ಲ, ಹಾಗೆ ಸುಗ್ಗಿಯಲ್ಲಿ ಕಾಲಿಟ್ಟಲ್ಲೆಲ್ಲ ಬಿಳಿಜೋಳ. ಜೋಳ ಇದ್ದಲ್ಲಿ ಇಲಿ ಇರಲೇಬೇಕು. ಬೆಳಗ್ಗೆ ಅಜ್ಜಿ ಕಲ್ಲಿನ ಬಟ್ಟಲಲ್ಲಿ ಹಾಲು ಸುರಿದು ರೊಟ್ಟಿ ಮುರಿದು ಹಾಕುತ್ತಿದ್ದಳು. ಬೆಕ್ಕು ನಾಲ್ಕು ಸಲ ನೆಕ್ಕಿ ಕಣಕಿ ಬಣವಿಯ ಕಡೆ ಹೋದರೆ ಮತ್ತೆ ಕಾಣಿಸುತ್ತಿದ್ದದ್ದು ಸಂಜೆಗೆ. ಹಾಲು ಹಾಕಿದ್ದು ನಮ್ಮ ಕಣ್ಣಿಗೆ ಬಿತ್ತು, ಬಣವಿಯ ಹಿಂದೆ ಅದು ತಿಂದದ್ದು ಬೀಳಲಿಲ್ಲ. ಅಜ್ಜಿ ಮನೆ ಬೆಕ್ಕು ಬದುಕಿದ್ದು ಇಲಿ ತಿಂದು. ಹಾಲು-ರೊಟ್ಟಿ ಅದಕ್ಕೆ ಬಾಯಾಡಿಸುವ ತಿನಿಸು ಅಷ್ಟೇ.

ಒಂದು ಇಲಿ ಅಂದರೆ ಬೆಕ್ಕಿಗೆ ತುಂಬಿದ ತಾಟು. ಅದರಲ್ಲಿ ಮಾಂಸವಿದೆ, ಎಲುಬಿದೆ, ಲಿವರ್ ಇದೆ, ಹೃದಯವಿದೆ, ರಕ್ತವಿದೆ, ಸುಮಾರು ಮೂರರಲ್ಲೆರಡು ಪಾಲು ನೀರೂ ಇದೆ. ನಾವು ಅಂಗಡಿಯಿಂದ ತರುವ ಕೋಳಿ ತುಂಡಿನಲ್ಲಿ ಇರುವುದು ಆ ತಾಟಿನ ಒಂದು ಮೂಲೆ ಮಾತ್ರ. ಉಳಿದದ್ದನ್ನು ನಾವು ತುಂಬಿಕೊಡಬೇಕು. ಆ ‘ಪುಡಿ’ ಅಂದರೆ ಅದೇ.

ಇದನ್ನು ನಾನು ಓದಿ ಕಲಿಯಲಿಲ್ಲ. ನನ್ನ ಬೆಕ್ಕು ಬೆಣ್ಣಿಯಿಂದ ಕಲಿತೆ.

2021ರ ಮಳೆಗಾಲದಲ್ಲಿ ಗಾಂಧಿ ಚೌಕದ ಹತ್ತಿರ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಸಿಕ್ಕ ಮರಿ ಅದು. ಅಂಗೈಯಷ್ಟಿತ್ತು. ಮನೆಗೆ ತಂದೆ. ಮಾಂಸ ತಿನ್ನುವ ಪ್ರಾಣಿ, ಒಳ್ಳೆಯದನ್ನೇ ಕೊಡೋಣ ಎಂದು ದಿನಾ ಎಲುಬಿಲ್ಲದ ಎದೆಯ ಮಾಂಸವನ್ನೇ ಸಣ್ಣಗೆ ಹೆಚ್ಚಿ ಕೊಟ್ಟೆ. ಎರಡು ತಿಂಗಳು ಅದು ಕುಣಿದಾಡಿತು. ಆಮೇಲೆ ಕಿಟಕಿಗೆ ಜಿಗಿಯುವುದನ್ನು ಬಿಟ್ಟಿತು. ಎತ್ತಿಕೊಂಡರೆ ಅಳತೊಡಗಿತು. ಒಂದು ಮಧ್ಯಾಹ್ನ ಕುರ್ಚಿಯಿಂದ ಇಳಿಯಿತು, ಹಾರಲೂ ಇಲ್ಲ, ಬರೀ ಇಳಿಯಿತು, ಹಿಂಗಾಲು ಮುರಿಯಿತು.

ದವಾಖಾನೆಯಲ್ಲಿ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಎಲುಬು ಬೆಳ್ಳಗೆ ಎದ್ದು ಕಾಣಬೇಕಾದ ಜಾಗದಲ್ಲಿ ಮಂಜು ಹಿಡಿದ ಗಾಜಿನ ಮೇಲೆ ಬೆರಳಾಡಿಸಿದ ಹಾಗೆ ಮಸುಕು ಗೆರೆ. ‘ಏನ್ ಹಾಕ್ತೀರವಾ ಇದಕ್ಕ?’ ಅಂದರು. ‘ಬೋನ್‌ಲೆಸ್ ಸರ್, ಬ್ಯಾರೆ ಏನೂ ಹಾಕಿಲ್ಲ’ ಅಂದೆ. ಅವರು ಬೈಯಲಿಲ್ಲ. ಹಾಳೆಯನ್ನು ನನ್ನ ಕೈಗೆ ಕೊಟ್ಟು, ‘ಅದ ಆಗೇತಿ ನೋಡ್ರಿ’ ಅಂದರು.

100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ ಸುಮಾರು 180 ಮಿಲಿಗ್ರಾಂ ಇದ್ದರೆ ಕ್ಯಾಲ್ಶಿಯಂ 10ರ ಆಸುಪಾಸು. ಬೆಕ್ಕಿಗೆ ಬೇಕಾದದ್ದು ಹೆಚ್ಚುಕಡಿಮೆ ಸಮಸಮ, ಕ್ಯಾಲ್ಶಿಯಂ ತುಸು ಮುಂದು. ಊಟದಲ್ಲಿ ಸಿಗದ ಕ್ಯಾಲ್ಶಿಯಂ ರಕ್ತಕ್ಕಂತೂ ಬೇಕೇ ಬೇಕು. ಆಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಲುಬಿನಿಂದ ಅದನ್ನು ಕರಗಿಸಿ ಎಳೆಯುತ್ತವೆ. ಬೆಳೆಯುವ ಮರಿಯ ಎಲುಬು ಕೆಲವೇ ವಾರಗಳಲ್ಲಿ ಟೊಳ್ಳಾಗುತ್ತದೆ. ಅಂದರೆ ಬೆಣ್ಣಿ ನನ್ನ ಕಣ್ಣೆದುರಿಗೇ, ನಾನು ಪ್ರೀತಿಯಿಂದ ಕೊಟ್ಟ ಊಟದ ಪಕ್ಕದಲ್ಲೇ ಕೂತು, ತನ್ನ ಎಲುಬನ್ನು ತಾನೇ ತಿಂದುಕೊಂಡಿತ್ತು. ಪಂಜರದಲ್ಲಿಟ್ಟು, ಮರಿಗಳಿಗೆಂದೇ ಮಾಡಿದ ಪಾಕೀಟಿನ ಆಹಾರ ಕೊಟ್ಟು ಆರು ವಾರ ಜೋಪಾನ ಮಾಡಿದೆವು. ಕಾಲು ಕೂಡಿಕೊಂಡಿತು. ಆದರೆ ಸೊಂಟದ ಎಲುಬು ಆಗಲೇ ಒಳಕ್ಕೆ ಬಾಗಿ ದಾರಿ ಇಕ್ಕಟ್ಟಾಗಿತ್ತು. ಇವತ್ತಿಗೂ ಅದಕ್ಕೆ ಮಲ ಕಟ್ಟುತ್ತದೆ, ಇವತ್ತಿಗೂ ಔಷಧ ನಡೆದಿದೆ.

ಅಲ್ಲಿಂದ ನಾನು ಓದಲು ಶುರು ಮಾಡಿದೆ. ಓದಿದಷ್ಟೂ ಬೆಕ್ಕಿನ ಮೈ ಎಷ್ಟು ಬೇರೆ ಎಂದು ತಿಳಿಯುತ್ತ ಹೋಯಿತು. ನಾವು ಗಜ್ಜರಿ ತಿಂದರೆ ಮೈ ಅದರಿಂದ ಎ ವಿಟಮಿನ್ ಮಾಡಿಕೊಳ್ಳುತ್ತದೆ, ಬೆಕ್ಕಿಗೆ ಅದು ಆಗದು, ಲಿವರ್‌ನಿಂದ ಸಿದ್ಧವಾಗಿಯೇ ಸಿಗಬೇಕು. ನಮ್ಮೂರ ಬಿಸಿಲಲ್ಲಿ ದಿನವಿಡೀ ಮಲಗಿದರೂ ಅದರ ಚರ್ಮದಲ್ಲಿ ಸಾಕಷ್ಟು ಡಿ ವಿಟಮಿನ್ ಹುಟ್ಟುವುದಿಲ್ಲ. ನಾಲಿಗೆಗೆ ಸಿಹಿಯೇ ಗೊತ್ತಾಗುವುದಿಲ್ಲ. ಹೋಳಿಗೆ ನೆಕ್ಕುವ ಬೆಕ್ಕು ನೆಕ್ಕುವುದು ತುಪ್ಪವನ್ನು, ಬೆಲ್ಲವನ್ನಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಟಾರಿನ್. ಹೃದಯ, ಕಣ್ಣು ನಡೆಯಲು ಬೇಕಾದ ವಸ್ತು. ನಾಯಿ ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತದೆ, ಬೆಕ್ಕು ಬೇಕಾದಷ್ಟು ಮಾಡಿಕೊಳ್ಳಲಾರದು. ಸಿಗುವುದು ಪ್ರಾಣಿಯ ಮಾಂಸದಲ್ಲಿ, ಅದರಲ್ಲೂ ಹೃದಯದಲ್ಲಿ ಹೆಚ್ಚು. ರೊಟ್ಟಿ, ಅನ್ನ, ಬೇಳೆಯಲ್ಲಿ ಇಲ್ಲವೇ ಇಲ್ಲ. ಟಾರಿನ್ ಕಡಿಮೆಯಾದರೆ ಬೆಕ್ಕಿನ ಕಣ್ಣಿನ ಅಕ್ಷಿಪಟ ಸವೆದು ಕುರುಡಾಗುತ್ತದೆ ಎಂದು 1975ರಲ್ಲಿ ಗೊತ್ತಾಯಿತು. ಹೋದ ಕಣ್ಣು ಮರಳುವುದಿಲ್ಲ. 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯರು ಇನ್ನೊಂದನ್ನು ಕಂಡರು: ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತಳ ಕಂಡಿತ್ತು. ಅವು ತಿನ್ನುತ್ತಿದ್ದದ್ದು ಹೆಸರುವಾಸಿ ಪಾಕೀಟುಗಳ ಆಹಾರವನ್ನೇ. ಟಾರಿನ್ ಕೊಟ್ಟ ಮೇಲೆ ಎಷ್ಟೋ ಹೃದಯಗಳು ಮತ್ತೆ ಸರಿಯಾಗಿ ಬಡಿದುಕೊಂಡವು. ಆಮೇಲೆ ಕಂಪನಿಗಳೆಲ್ಲ ಅದರ ಪ್ರಮಾಣ ಹೆಚ್ಚಿಸಿದವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾಣದ ಒಂದು ಚಿಟಿಕೆ ಪುಡಿಯ ಮೇಲೆ ಒಂದು ಜೀವ ನಿಂತಿತ್ತಲ್ಲ!

ಹಾಗಾಗಿ ನಮ್ಮ ಮನೆಯಲ್ಲಿ ಭಾನುವಾರ ಬೆಕ್ಕಿನ ಅಡಿಗೆಯ ದಿನ. ಅವ್ವನಿಗೆ ನಾನು ಕೊಟ್ಟ ಮಾತಿನಂತೆ ಮಾಂಸ ಅಡಿಗೆಮನೆಗೆ ಬರುವುದಿಲ್ಲ. ಮೆಟ್ಟಿಲ ಕೆಳಗೆ ಸಣ್ಣ ಫ್ರೀಜರ್, ಬೇರೆ ಚಾಕು, ಬೇರೆ ಮಣೆ. ಕೋಳಿಯ ತೊಡೆಯ ಮಾಂಸವನ್ನೇ ತರುತ್ತೇನೆ, ಎದೆಯದ್ದಕ್ಕಿಂತ ಅದರಲ್ಲಿ ಟಾರಿನ್ ಹೆಚ್ಚು. ಅಂಗಡಿಯಲ್ಲಿ ಕೈಮಾ ಮಾಡಿಸುವುದಿಲ್ಲ. ಕೊಚ್ಚಿದ ಮಾಂಸದಲ್ಲಿ ಹೊರಗಿನ ಹೊಲಸು ಒಳಗೆಲ್ಲ ಬೆರೆಯುತ್ತದೆ. ಒಂದು ಕಿಲೋ ಮಾಂಸಕ್ಕೆ 100 ಗ್ರಾಂ ಹೃದಯ, 50 ಗ್ರಾಂ ಲಿವರ್. ಬೆಕ್ಕಿಗೆ ಇಷ್ಟ ಎಂದು ಲಿವರ್ ಜಾಸ್ತಿ ಹಾಕುವವರಿದ್ದಾರೆ, ದಯವಿಟ್ಟು ಹಾಕಬೇಡಿ. ಎ ವಿಟಮಿನ್ ಮೈಯಲ್ಲಿ ಕೂಡುತ್ತ ಹೋಗಿ ಕುತ್ತಿಗೆಯ ಎಲುಬುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಎಲುಬಿನ ಬದಲಿಗೆ ಮೊಟ್ಟೆ ಸಿಪ್ಪೆ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ಸ್ಟೇಶನ್ ರಸ್ತೆಯ ಎಗ್ ರೈಸ್ ಗಾಡಿಯ ಅಣ್ಣ ನನಗಾಗಿ ಒಂದು ಡಬ್ಬಿಯಲ್ಲಿ ಸಿಪ್ಪೆ ಕೂಡಿಡುತ್ತಾನೆ. ತಂದು ತೊಳೆದು, ಒಳಗಿನ ತೆಳು ಪೊರೆ ಸುಲಿದು, ಹತ್ತು ನಿಮಿಷ ಕುದಿಸಿ, ಮಾಳಿಗೆಯ ಬಿಸಿಲಲ್ಲಿ ಒಣಗಿಸಿ, ಹಂಚಿನ ಮೇಲೆ ಬೆಚ್ಚಗೆ ಹುರಿದು ಬೇರೆ ಇಟ್ಟ ಮಿಕ್ಸಿ ಜಾರಿನಲ್ಲಿ ತಿರುವುತ್ತೇನೆ. ಮೊದಲು ಕಲ್ಲು ಕಲ್ಲು ಸದ್ದು, ಆಮೇಲೆ ಸದ್ದು ಮೆತ್ತಗಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಎರಡು ಬೆರಳ ನಡುವೆ ತಿಕ್ಕಿ ನೋಡಬೇಕು. ಗೋದಿ ಹಿಟ್ಟಿನ ಹಾಗೆ ಜಾರಬೇಕು, ಒಂದು ಹರಳೂ ಹತ್ತಬಾರದು. ಕಿಲೋಗೆ 6 ಗ್ರಾಂ. ಹೆಚ್ಚುಕಡಿಮೆ ಒಂದು ಮೊಟ್ಟೆಯ ಸಿಪ್ಪೆ, ಸುಮಾರು 2 ಗ್ರಾಂ ಕ್ಯಾಲ್ಶಿಯಂ.

ಟಾರಿನ್ ಕಿಲೋಗೆ 2 ಗ್ರಾಂ. ಜೊತೆಗೆ ಮೀನೆಣ್ಣೆ, ಅದು ಹಾಕಿದಾಗ ಇ ವಿಟಮಿನ್ ಬಿಡುವಂತಿಲ್ಲ, ಇಲ್ಲದಿದ್ದರೆ ಮೈಯೊಳಗಿನ ಕೊಬ್ಬು ಉರಿಯೂತಕ್ಕೆ ಬೀಳುತ್ತದೆ. ಬಿ ವಿಟಮಿನ್‌ಗಳು, ಅಯೋಡಿನ್‌ಗೆ ಚೂರು ಉಪ್ಪು, ಸತು, ಮ್ಯಾಂಗನೀಸ್. ಇವುಗಳ ಅಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀವು ಬಳಸುವ ಮಾಂಸ, ನಿಮ್ಮ ಬೆಕ್ಕಿನ ವಯಸ್ಸು ನೋಡಿ ಪಶುವೈದ್ಯರೇ ಲೆಕ್ಕ ಹಾಕಿಕೊಡಬೇಕು, ನನಗೂ ಹಾಗೆಯೇ ಹಾಕಿಕೊಟ್ಟಿದ್ದಾರೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಪುಸ್ತಕ, ಜಾಲತಾಣಗಳಲ್ಲಿನ 114 ಮನೆ-ಅಡಿಗೆ ವಿಧಾನಗಳನ್ನು ಪರೀಕ್ಷಿಸಿದಾಗ ಬೆಕ್ಕಿಗೆ ಬೇಕಾದದ್ದೆಲ್ಲ ಒಂದರಲ್ಲೂ ಇರಲಿಲ್ಲ. ಈ ಬರಹವನ್ನೂ ಅಡಿಗೆ ಪುಸ್ತಕ ಎಂದು ಓದಬೇಡಿ.

ಪುಡಿಗಳನ್ನು ತೂಗುವವಳು ಅವ್ವ. ಮಾಂಸ ಮುಟ್ಟುವುದಿಲ್ಲ. ಪಡಸಾಲೆಯಲ್ಲಿ ಕೂತು, ಚಿನ್ನ-ಬೆಳ್ಳಿ ತೂಗುವಂಥ ಸಣ್ಣ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಚೀಟಿ ಬರೆದು ಮಡಚಿಡುತ್ತಾಳೆ. ಬೆಣ್ಣಿಯ ಕಾಲು ಮುರಿದಾಗ ರಾತ್ರಿಯೆಲ್ಲ ಪಂಜರದ ಪಕ್ಕ ಕೂತವಳೂ ಅವಳೇ. ‘ಬೆಕ್ಕಿಗೂ ನಮ್ಮ ಊಟಾನ ರೂಢಿ ಮಾಡಬಾರದೇನು?’ ಎಂದು ನೆಂಟರು ಕೇಳಿದರೆ ಈಗ ಉತ್ತರ ಕೊಡುವುದು ನಾನಲ್ಲ, ಅವ್ವ: ‘ನಮ್ಮ ವ್ರತ ನಮಗ. ಅದರ ಹೊಟ್ಟಿ ಅದಕ್ಕ.’

ಇನ್ನು ಹಸಿಯ ಮಾತು. ನಾನು ಹಸಿ ಮಾಂಸ ಹಾಕಿದ್ದು ಮೂರು ವರ್ಷ. ಹಸಿಯ ಪರ ಮಾತಾಡುವವರು ಒಂದು ಹಳೇ ಪ್ರಯೋಗ ಹೇಳುತ್ತಾರೆ. ಕ್ಯಾಲಿಫೋರ್ನಿಯಾದ ಪಾಟೆಂಜರ್ ಎಂಬ ವೈದ್ಯ 1932ರಿಂದ 1942ರವರೆಗೆ ಬೆಕ್ಕುಗಳಿಗೆ ಹಸಿ ಮಾಂಸ, ಬೇಯಿಸಿದ ಮಾಂಸ ಬೇರೆ ಬೇರೆ ಹಾಕಿ ನೋಡಿದ. ಬೇಯಿಸಿದ್ದು ತಿಂದವು ಪೀಳಿಗೆಯಿಂದ ಪೀಳಿಗೆಗೆ ಕ್ಷೀಣಿಸಿದವು. ಆದರೆ ಬೆಕ್ಕಿಗೆ ಟಾರಿನ್ ಬೇಕೇ ಬೇಕೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಮಾಂಸ ಬೇಯುವಾಗ ಟಾರಿನ್ ನೀರಿಗಿಳಿಯುತ್ತದೆ, ನೀರು ಚೆಲ್ಲಿದರೆ ಅದೂ ಹೋಯಿತು. ಆ ಬೆಕ್ಕುಗಳಿಗೆ ಆದದ್ದು ಬಹುಶಃ ಅದೇ. ಬೆಂಕಿಯ ತಪ್ಪಿಗಿಂತ ಕೊರತೆಯ ತಪ್ಪು ದೊಡ್ಡದು.

2024ರ ಕೊನೆಗೆ ಅಮೆರಿಕದ ಆರೆಗನ್‌ನಲ್ಲಿ ಹಸಿ ಟರ್ಕಿ ಕೋಳಿ ಮಾಂಸದ ಆಹಾರ ತಿಂದ ಮನೆಬೆಕ್ಕು ಹಕ್ಕಿಜ್ವರದಿಂದ ಸತ್ತಿತು. ಅದೇ ಹೊತ್ತಿಗೆ ನಾಗಪುರದ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಅದೇ ಜ್ವರಕ್ಕೆ ಹೋದವು. 2025ರ ಆರಂಭದಲ್ಲಿ ನಮ್ಮದೇ ರಾಯಚೂರು, ಬಳ್ಳಾರಿ ಕಡೆ ಕೋಳಿಗಳಲ್ಲಿ ಕಾಣಿಸಿಕೊಂಡಿತು. ಆ ವಾರವೇ ನಾನು ಹಸಿ ನಿಲ್ಲಿಸಿದೆ. ಫ್ರೀಜರ್‌ನಲ್ಲಿಟ್ಟರೆ ಆ ವೈರಸ್ ಸಾಯುವುದಿಲ್ಲ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೂಡ ಸಾಯುವುದಿಲ್ಲ. ಮನೆಯಲ್ಲಿ ಬಸುರಿ, ಕೂಸು, ವಯಸ್ಸಾದವರು ಇದ್ದರೆ ಹಸಿ ಮಾಂಸದ ವಿಚಾರವನ್ನೇ ಬಿಡಿ ಎಂದು ಮೊದಲಿನಿಂದಲೂ ಹೇಳುತ್ತಿದ್ದೆ. ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಈಗ ಮಾಂಸವನ್ನು ಕಡಿಮೆ ನೀರಿನಲ್ಲಿ ಪೂರ್ತಿ ಬೇಯಿಸಿ, ಆ ನೀರನ್ನೂ ಊಟಕ್ಕೇ ಬೆರೆಸಿ, ಆರಿದ ಮೇಲೆ ಪುಡಿ ಹಾಕುತ್ತೇನೆ. ಬಿಸಿಯಲ್ಲಿ ಹಾಕಿದರೆ ಬಿ1 ವಿಟಮಿನ್ ಹಾಳಾಗುತ್ತದೆ. ಬೇಯಿಸಿದ ಎಲುಬು ಮಾತ್ರ ಕೊಡಬಾರದು, ಸೀಳಿ ಚುಚ್ಚುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಸಾರಿನ ತುಂಡಂತೂ ಬೇಡವೇ ಬೇಡ, ಅವು ಬೆಕ್ಕಿನ ರಕ್ತವನ್ನೇ ಒಡೆಯುತ್ತವೆ. ಬೆಣ್ಣಿ, ನಮ್ಮ ಇನ್ನೊಂದು ಬೆಕ್ಕು ಮಲ್ಲ ಇಬ್ಬರೂ ಮೊದಲ ದಿನ ಮೂಸಿ ಮುಖ ತಿರುಗಿಸಿದರು. ‘ಹಸಿವಾದರ ತಿಂತಾವ ಬಿಡು’ ಎಂದು ಬಿಡುವಂತಿಲ್ಲ. ಬೆಕ್ಕು ಎರಡು-ಮೂರು ದಿನ ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಹಳೆಯದರಲ್ಲಿ ಚಮಚ ಚಮಚ ಬೆರೆಸುತ್ತ ಹತ್ತು ದಿನ ತೆಗೆದುಕೊಂಡೆವು. ಪುಡಿ ಅಳತೆ ಒಂದು ಗ್ರಾಂ ಬದಲಾಗಲಿಲ್ಲ.

ಇಷ್ಟೆಲ್ಲ ಮಾಡಲು ಆಗದವರು ‘ಸಂಪೂರ್ಣ ಆಹಾರ’ ಎಂದು ಬರೆದ ಒಳ್ಳೆಯ ಪಾಕೀಟು ತನ್ನಿ, ನೀರು ಬೆರೆಸಿ ಕೊಡಿ. ಪಾಕೀಟಿನ ಒಣ ಕಾಳಿನಲ್ಲಿ ನೀರು ಹತ್ತರಲ್ಲೊಂದು ಪಾಲು, ಹೊರಗೆ ಬಿಸಿಲು 40 ಡಿಗ್ರಿ. ನೀರು ಸಾಲದೆ ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಅದೇ ದಿನ ದವಾಖಾನೆಗೆ ಓಡಬೇಕು. ಬರೀ ಬೋನ್‌ಲೆಸ್‌ಗಿಂತ ಪಾಕೀಟು ಸಾವಿರ ಪಾಲು ಮೇಲು.

ಮೊನ್ನೆ ಎದುರು ಮನೆ ಕಾಕು ಕೇಳಿದರು, ‘ಹಂಗಾರ ನಾ ಹಿತ್ತಲ ಬೆಕ್ಕಿಗೆ ಹಾಲು-ರೊಟ್ಟಿ ಹಾಕೂದು ಬಿಡ್ಲೇನವಾ?’ ಅವರ ಹಿತ್ತಲಲ್ಲಿ ಕಾಳಿನ ಚೀಲಗಳಿವೆ, ಇಲಿಗಳಿವೆ, ಬೆಕ್ಕು ಮಿರುಗುತ್ತಿದೆ. ‘ಹಾಲು ಕುಡಿದು ಹೊಟ್ಟಿ ಕೆಟ್ಟರ ಬಿಡ್ರಿ ಕಾಕು, ಇಲ್ಲಂದ್ರ ಚೂರು ಹಾಕ್ರಿ. ಇಲಿ ಪಾಷಾಣ ಮಾತ್ರ ಇಡಬ್ಯಾಡ್ರಿ, ಇಲಿನ ಬೆಕ್ಕಿನ ಊಟ’ ಅಂದೆ. ಅವರು ಒಳಗೆ ಹೋಗಿ ಮೂಲೆಯಲ್ಲಿಟ್ಟಿದ್ದ ಪಾಷಾಣದ ಪೊಟ್ಟಣ ತಂದು ನನ್ನ ಕೈಗೇ ಕೊಟ್ಟರು.